ಗೆಳೆಯರೊಡನೆ ಮುಂಬಯಿ ದರ್ಶನ

ಕುಂದಾಪುರದ ಆಸುಪಾಸಿನ ಹಳ್ಳಿಗಳಲ್ಲಿ ಹುಟ್ಟಿ ಬೆಳೆದವರಿಗೆ ಮುಂಬಯಿಯು ಭೂಪಟದಲ್ಲಿ ಹುಡುಕಬೇಕಾದ ಊರಲ್ಲ. 'ಬೊಂಬಾಯಿ'ಯೆಂಬ ಹೆಸರಿನಲ್ಲಿ ಅದು ನಮ್ಮ ಮನೆಮಾತಿನೊಳಗೇ ಸೇರಿಹೋಗಿದೆ. ನಾನು ಅಧ್ಯಾಪಕನಾಗಿದ್ದ 1971ರಿಂದ 2007ರವರೆಗಿನ ಅವಧಿಯ ಮೊದಲ ಹಲವು ವರ್ಷಗಳಲ್ಲಿ, ಜೂನ್ ತಿಂಗಳಲ್ಲಿ ಹೊಸ ಹಾಜರಿ ಪುಸ್ತಕ ತೆರೆದಾಗ ಒಂದೆರಡು ಹೆಸರುಗಳಿಗೆ ಉತ್ತರವೇ ಬರುತ್ತಿರಲಿಲ್ಲ. ಮೂರು ದಿನ ಕರೆದ ಮೇಲೆ ಹಿಂದಿನ ಬೆಂಚಿನಿಂದ ಯಾರೋ, "ಅವ ಬೊಂಬಾಯಿಗೆ ಹೋದ ಸರ್" ಎನ್ನುತ್ತಿದ್ದರು. ನಾನು ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದೆ. ಈ ಬರಹವನ್ನು ಓದುತ್ತಿರುವ ನಿಮ್ಮಲ್ಲಿಯೂ ಅಂಥ ಕೆಲವರಿದ್ದೀರಿ ಎಂಬುದನ್ನು ಬಲ್ಲೆ. ಹಾಗಾಗಿ ಈ ಪ್ರವಾಸದ ಕಥೆಯನ್ನು ನಿಮಗೆ ಹೇಳದೆ ಇನ್ನಾರಿಗೆ ಹೇಳಲಿ?

ನಾನು ಅಧ್ಯಾಪಕನಾಗುವುದಕ್ಕೂ ಮುನ್ನವೇ ನನ್ನ ಸಹಪಾಠಿಗಳಿಬ್ಬರು ಈ ದಾರಿ ಹಿಡಿದಿದ್ದರು. 1962ರಲ್ಲಿ ಏಳನೆಯ ತರಗತಿ ಮುಗಿಸಿದಾಗ ನಾವು ಮೂವರು ಒಂದೇ ಬೆಂಚಿನವರು. ಮನೆಯಲ್ಲಿ ಅನ್ನಕ್ಕೆ ಕೊರತೆಯಿಲ್ಲದ ಕಾರಣ ನಾನು ಹೈಸ್ಕೂಲು ಸೇರಿದೆ. ತಂದೆಯಿಲ್ಲದ, ಗೇಣಿ ಗದ್ದೆಯನ್ನೇ ನಂಬಿದ್ದ ಮನೆಯ ಹಿರಿಯ ಮಗನೊಬ್ಬ ಮಾಟುಂಗದ ಹೋಟೆಲೊಂದಕ್ಕೆ ಲೋಟ ತೊಳೆಯಲು ಹೋದ. ಇನ್ನೊಬ್ಬ ಚಿಕ್ಕಪ್ಪನ ಹಿಂದೆ ಪರೇಲಿನ ಕಡೆಯ ಬಟ್ಟೆ ಗಿರಣಿಗೆ ಹೋದ. ಆಗ ಕೊಂಕಣ ರೈಲು ಎಲ್ಲಿತ್ತು? ಬಸ್ಸಿನಲ್ಲಿ ಘಟ್ಟ ಹತ್ತಿ ಹುಬ್ಬಳ್ಳಿ ಸೇರಬೇಕು. ಅಲ್ಲಿಂದ ಮೀಟರ್‌ಗೇಜ್ ರೈಲು. ಪುಣೆಯಲ್ಲಿ ಇಳಿದು ಇನ್ನೊಂದು ರೈಲು. ಹದಿಮೂರು ವರ್ಷದ ಹುಡುಗರು ಅಷ್ಟು ದೂರ ಹೋದರು.

ಹೋಟೆಲು ಸೇರಿದ ಗೆಳೆಯನ ತಾಯಿಗೆ ಓದು ಬರಹ ತಿಳಿಯದು. ಮಗನ ಕಾಗದ ಬಂದಾಗಲೆಲ್ಲ ಆ ತಾಯಿ ಸಂಜೆ ನಮ್ಮ ಮನೆಯ ಜಗಲಿಗೆ ಬರುತ್ತಿದ್ದರು. ನಾನು ಚಿಮಣಿ ಬುಡ್ಡಿಯ ಬೆಳಕಿನಲ್ಲಿ ಓದಿ ಹೇಳುತ್ತಿದ್ದೆ. ಅವರು ಹೇಳಿದಂತೆ ಮರು ಕಾಗದ ಬರೆಯುತ್ತಿದ್ದೆ. ಹೀಗೆ ಮುಂಬಯಿಯನ್ನು ಕಾಣುವ ಎಷ್ಟೋ ವರ್ಷ ಮೊದಲೇ ನಾನು ಅದನ್ನು ಓದಿದ್ದೆ. ಗೆಳೆಯನ ಕಾಗದಗಳಲ್ಲಿ ಹೋಟೆಲಿನ ಸುದ್ದಿ ಇರುತ್ತಿರಲಿಲ್ಲ. ಬೋರಿಬಂದರಿನ ಅರಮನೆಯಂಥ ಸ್ಟೇಶನ್ನು, ಸಮುದ್ರದ ಅಂಚಿನ ದೊಡ್ಡ ಬಾಗಿಲು, ರಾಣಿಬಾಗಿನ ಹುಲಿ ಸಿಂಹಗಳು, ದೋಣಿಯಲ್ಲಿ ಹೋಗಿ ನೋಡಿದ ಆನೆಗಳ ದ್ವೀಪ ಇವೇ ತುಂಬಿರುತ್ತಿದ್ದವು. ದ್ವೀಪದ ಕಲ್ಲಿನ ಆನೆಯ ಮೇಲೆ ತಾನು ಕುಳಿತುಕೊಂಡೆನೆಂದೂ ಬರೆದಿದ್ದ. ಅದನ್ನು ಕೇಳಿದ ತಾಯಿ, "ಆನೆ ಎಷ್ಟು ದೊಡ್ಡದಂತೆ, ಕೇಳು ಮಗಾ" ಎಂದರು. ನಾನು ಕೇಳಿ ಬರೆದೆ. ಕೋಟೇಶ್ವರದ ಕೊಡಿಹಬ್ಬದ ತೇರಿನಷ್ಟು ಎಂದು ಉತ್ತರ ಬಂತು. ಆ ತಾಯಿ ಅದನ್ನು ಊರಿನಲ್ಲಿ ಎಷ್ಟು ಜನರಿಗೆ ಹೇಳಿದ್ದರೋ ಲೆಕ್ಕವಿಲ್ಲ.

ಆ ಗೆಳೆಯ ಹಗಲು ಹೋಟೆಲಿನಲ್ಲಿ ದುಡಿದು, ಕನ್ನಡ ರಾತ್ರಿಶಾಲೆಯಲ್ಲಿ ಓದಿ, 1969ರಲ್ಲಿ ಎಸ್.ಎಸ್.ಸಿ. ಪಾಸಾದ. ಅದೇ ವರ್ಷದ ಜುಲೈಯಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣವಾಗಿ, ಮುಂದೆ ಶಾಖೆಗಳು ಹೆಚ್ಚತೊಡಗಿದವು. ನಮ್ಮ ಜಿಲ್ಲೆಯಲ್ಲಿಯೇ ಹುಟ್ಟಿದ ಬ್ಯಾಂಕೊಂದರಲ್ಲಿ ಮೊದಲು ಜವಾನನಾಗಿ, ಅನಂತರ ಗುಮಾಸ್ತನಾಗಿ, 2009ರಲ್ಲಿ ನಿವೃತ್ತನಾದ. ಊರಿನ ಗೇಣಿ ಭೂಮಿ 1974ರ ಭೂಸುಧಾರಣಾ ಕಾನೂನಿನಿಂದಾಗಿ ಮನೆಯವರದೇ ಆಯಿತು. ಡಿಕ್ಲರೇಶನ್ ಹಾಕಲು ಓಡಾಡಿದ ಖರ್ಚೂ ಇವನ ಸಂಬಳದ್ದೇ. ಈಗ ಅಲ್ಲಿ ತಮ್ಮನ ಸಂಸಾರವಿದೆ.

2024ರ ಕೊನೆಯಲ್ಲಿ ಆ ತಮ್ಮ ನನ್ನಲ್ಲಿಗೆ ಬಂದರು. ಅಣ್ಣ ಬಾಡಿಗೆಗಿರುವ ವಡಾಲದ ಹಳೆಯ ಕಟ್ಟಡವನ್ನು ಕೆಡವಿ ಹೊಸದಾಗಿ ಕಟ್ಟುತ್ತಾರಂತೆ. ಕಟ್ಟಿ ಮುಗಿಯುವವರೆಗೆ ಮೂರು ನಾಲ್ಕು ವರ್ಷ ಬೇರೆಡೆ ಇರಬೇಕು. ಮಗ ಕೆನಡಾದಲ್ಲಿ, ಮಗಳು ಪುಣೆಯಲ್ಲಿ. "ಎಪ್ಪತ್ತೈದರ ಮೇಲೆ ಎಲ್ಲೆಲ್ಲಿ ಗಂಟುಮೂಟೆ ಹೊತ್ತು ತಿರುಗುವುದು? ಇಲ್ಲಿ ಕೋಣೆ ಇದೆ, ಬಾವಿ ಇದೆ, ನಾವಿದ್ದೇವೆ. ನೀವು ಹೇಳಿದರೆ ಅಣ್ಣ ಕೇಳಿಯಾನು ಮಾಷ್ಟ್ರೆ" ಎಂದು ತಮ್ಮ ಕೇಳಿಕೊಂಡರು. ಹೇಳುವೆನೆಂದು ಮಾತು ಕೊಟ್ಟೆ. ಗೆಳೆಯನಿಗೆ ಫೋನು ಮಾಡಿ, "ನಿನ್ನ ಮುಂಬಯಿಯನ್ನು ಒಮ್ಮೆ ಸರಿಯಾಗಿ ತೋರಿಸು" ಎಂದೆ. ಮದುವೆ ಮುಂಜಿಗಳಿಗೆಂದು ಎರಡು ಬಾರಿ ಹೋಗಿದ್ದೆನಾದರೂ ಹಾಲ್‌ಗಳನ್ನಲ್ಲದೆ ಬೇರೇನನ್ನೂ ಕಂಡಿರಲಿಲ್ಲ.

2025ರ ಜನವರಿಯಲ್ಲಿ ಮತ್ಸ್ಯಗಂಧ ರೈಲು ಹತ್ತಿದೆ. ಸಂಜೆ ಕುಂದಾಪುರದಲ್ಲಿ ಹತ್ತಿ ಕುಳಿತರೆ ಮರುದಿನ ಬೆಳಗ್ಗೆ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್. 1998ರಲ್ಲಿ ಕೊಂಕಣ ರೈಲು ಪೂರ್ಣವಾದ ಮೇಲೆ ನಮ್ಮವರಿಗೆ ಒದಗಿದ ಭಾಗ್ಯವಿದು. ಗೆಳೆಯ ನಿಲ್ದಾಣಕ್ಕೇ ಬಂದಿದ್ದ. ಮನೆಯೆಂದರೆ ಮೂರನೆಯ ಮಹಡಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ, ಎಲ್ಲ ಬಿಡಾರಗಳಿಗೂ ಸೇರಿದ ಉದ್ದನೆಯ ಜಗಲಿ. "ಬನ್ನಿ ಮಾಷ್ಟ್ರೆ, ಕಾಲು ಚಾಚಿದರೆ ಗೋಡೆ ತಾಗುತ್ತದೆ, ನೋಡಿಕೊಳ್ಳಿ" ಎಂದು ಅತ್ತಿಗೆ ನಗುತ್ತ ಸ್ವಾಗತಿಸಿದರು. ಇಬ್ಬರು ಮಕ್ಕಳನ್ನು ಎಂಜಿನಿಯರು, ಅಧ್ಯಾಪಕಿಯನ್ನಾಗಿ ಮಾಡಿದ್ದು ಆ ಒಂದೇ ಕೋಣೆ.

ಮೊದಲ ದಿನ ನಡೆದೇ ಮಾಟುಂಗ ನೋಡಿದೆವು. ಮಲ್ಲಿಗೆ, ಸೇವಂತಿಗೆಯ ಅಂಗಡಿಗಳು, ಬಾಳೆಲೆಯ ಕಟ್ಟುಗಳು, ಹುರಿದ ಕಾಫಿಬೀಜದ ಪರಿಮಳ. ದಾರಿಯುದ್ದಕ್ಕೂ ತಮಿಳು, ಕನ್ನಡ, ತುಳು, ಕೊಂಕಣಿ, ಗುಜರಾತಿ ಮಾತುಗಳು. 1926ರಲ್ಲಿ ಸ್ಥಾಪನೆಯಾದ ಮೈಸೂರು ಅಸೋಸಿಯೇಶನ್ ಇಲ್ಲಿಯೇ ಇದೆ. ಇಲ್ಲಿಯ ಸೆಂಟ್ರಲ್ ರೈಲ್ವೆ ನಿಲ್ದಾಣದಲ್ಲಿ 2017ರಿಂದ ಎಲ್ಲ ಹುದ್ದೆಗಳಿಗೂ ಮಹಿಳೆಯರನ್ನೇ ನೇಮಿಸಿದರು. ದೇಶದಲ್ಲಿ ಅಂಥ ಮೊದಲ ನಿಲ್ದಾಣವಿದು. ನಿಲ್ದಾಣದ ಬಳಿ, 1942ರಲ್ಲಿ ರಾಮ ನಾಯಕರು ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಬಾಳೆಲೆಯ ಊಟ ಮಾಡಿದೆವು. ಗೆಳೆಯ ಲೋಟ ತೊಳೆಯುತ್ತಿದ್ದ ಹೋಟೆಲು ಮಾತ್ರ ಈಗಿಲ್ಲ. ಆ ಜಾಗದಲ್ಲಿ ಮೊಬೈಲ್ ಅಂಗಡಿಯಿದೆ. ಅದರ ಮುಂದೆ ನಿಂತು ಗೆಳೆಯ, "ಗಲ್ಲೆ ಇಲ್ಲಿತ್ತು. ಧಣಿ ಇಲ್ಲಿ ಕೂರುತ್ತಿದ್ದರು. ರಾತ್ರಿ ಬಾಗಿಲು ಹಾಕಿದ ಮೇಲೆ ಮೇಜುಗಳನ್ನು ಜೋಡಿಸಿ ನಾವು ಆರು ಜನ ಮಲಗುವುದು. ಬೆಳಗ್ಗೆ ನಾಲ್ಕಕ್ಕೆ ಇಡ್ಲಿ ಹಿಟ್ಟಿನ ಪಾತ್ರೆಯ ಸದ್ದಿಗೆ ಏಳುವುದು" ಎಂದು ಕೈಯಿಂದ ಗಾಳಿಯಲ್ಲಿ ಗೆರೆ ಹಾಕಿ ತೋರಿಸಿದ. ಅಂಗಡಿಯ ಹುಡುಗ ಯಾವ ಮೊಬೈಲು ಬೇಕೆಂದು ಹಿಂದಿಯಲ್ಲಿ ಕೇಳಿದ.

ಮರುದಿನ ಲೋಕಲ್ ರೈಲಿನಲ್ಲಿ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ಗೆ ಹೋದೆವು. ಹಳಬರ ಬಾಯಲ್ಲಿ ಅದು ಇಂದಿಗೂ ವಿ.ಟಿ.; ಇನ್ನೂ ಹಳಬರಿಗೆ ಬೋರಿಬಂದರು. 1853ರ ಏಪ್ರಿಲ್ 16ರಂದು ಇಲ್ಲಿಂದಲೇ 14 ಡಬ್ಬಿಗಳ ರೈಲು ಠಾಣೆಗೆ ಹೊರಟು, ನಮ್ಮ ದೇಶದ ಪ್ರಯಾಣಿಕರ ರೈಲು ಸಂಚಾರಕ್ಕೆ ನಾಂದಿಯಾಯಿತು. ಈಗಿನ ಕಟ್ಟಡ ಅದರ ಅನಂತರದ್ದು. ಎಫ್. ಡಬ್ಲ್ಯೂ. ಸ್ಟೀವನ್ಸ್ ಎಂಬ ವಾಸ್ತುಶಿಲ್ಪಿಯ ವಿನ್ಯಾಸದಲ್ಲಿ 1878ರಲ್ಲಿ ಕೆಲಸ ಆರಂಭವಾಗಿ ಮುಗಿಯಲು ಹತ್ತು ವರ್ಷ ಹಿಡಿಯಿತು. 2004ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ದ್ವಾರದ ಕಂಬಗಳ ಮೇಲೆ ಒಂದು ಕಡೆ ಬ್ರಿಟನ್ನಿನ ಸಿಂಹ, ಇನ್ನೊಂದು ಕಡೆ ಭಾರತದ ಹುಲಿ. ನಡುಗುಮ್ಮಟದ ನೆತ್ತಿಯಲ್ಲಿ ಒಂದು ಕೈಯಲ್ಲಿ ದೀವಟಿಗೆ, ಇನ್ನೊಂದರಲ್ಲಿ ಚಕ್ರ ಹಿಡಿದ ಸ್ತ್ರೀ. ಅದು 'ಪ್ರಗತಿ'ಯ ಪ್ರತಿಮೆ. ಗೋಡೆಗಳ ಎಲೆ ಬಳ್ಳಿ, ಪ್ರಾಣಿ ಪಕ್ಷಿಗಳ ಕೆತ್ತನೆಯಲ್ಲಿ ಇಲ್ಲಿಯ ಜೆ.ಜೆ. ಕಲಾಶಾಲೆಯ ವಿದ್ಯಾರ್ಥಿಗಳ ಕೈಗಳಿವೆ. ವಿದ್ಯಾರ್ಥಿಗಳ ಕೆಲಸವೆಂದರೆ ನಾನು ನಿಂತು ನೋಡುವವನು. ನೋಡುತ್ತಲೇ ಇದ್ದೆ. ಗೆಳೆಯನೂ ತಲೆಯೆತ್ತಿ ನಿಂತಿದ್ದ. "ಮೂವತ್ತು ವರ್ಷ ದಿನಕ್ಕೆರಡು ಬಾರಿ ಇದರ ಕೆಳಗೇ ಹೋದವ ನಾನು. ಆ ಹೆಂಗಸನ್ನು ಇವತ್ತೇ ಕಂಡದ್ದು" ಎಂದ. ಅದು ಹೇಗೆಂದು ಕೇಳಿದರೆ, "ಮೇಲೆ ನೋಡಿದರೆ ಲೋಕಲ್ ತಪ್ಪುತ್ತದೆ ಮಾರಾಯ" ಎಂಬುದು ಉತ್ತರ.

ಎಲಿಫೆಂಟಾ ಗುಹೆಗಳು ಸೋಮವಾರ ಮುಚ್ಚಿರುತ್ತವೆ. ಹಾಗಾಗಿ ಮಂಗಳವಾರ ಬೆಳಗ್ಗೆ ಗೇಟ್‌ವೇ ಆಫ್ ಇಂಡಿಯಾಕ್ಕೆ ಹೋದೆವು. ಐದನೆಯ ಜಾರ್ಜ್ ದೊರೆ ಮತ್ತು ರಾಣಿ ಮೇರಿ 1911ರ ಡಿಸೆಂಬರಿನಲ್ಲಿ ಇಲ್ಲಿ ಬಂದಿಳಿದುದರ ನೆನಪಿಗೆ ಕಟ್ಟಿದ ಬಾಗಿಲಿದು. ಕೆಲಸ ಮುಗಿದು ಉದ್ಘಾಟನೆಯಾದದ್ದು 1924ರ ಡಿಸೆಂಬರಿನಲ್ಲಿ; ದೊರೆ ಇಳಿದಾಗ ಕಂಡದ್ದು ರಟ್ಟಿನ ಮಾದರಿಯನ್ನಷ್ಟೇ. ಜಾರ್ಜ್ ವಿಟೆಟ್ ಇದರ ವಾಸ್ತುಶಿಲ್ಪಿ. ಎತ್ತರ 26 ಮೀಟರ್. ಸ್ವಾತಂತ್ರ್ಯಾನಂತರ 1948ರ ಫೆಬ್ರವರಿ 28ರಂದು ಬ್ರಿಟಿಷ್ ಸೈನ್ಯದ ಕೊನೆಯ ತುಕಡಿ ಇದೇ ಬಾಗಿಲಿನ ಮೂಲಕ ಹಡಗು ಹತ್ತಿತು. ಸ್ವಾಗತಕ್ಕೆಂದು ಕಟ್ಟಿದ ಬಾಗಿಲು ಬೀಳ್ಕೊಡುಗೆಗೆ ಒದಗಿದ ಈ ಸಂಗತಿಯನ್ನು ತರಗತಿಯಲ್ಲಿ ಹೇಳುತ್ತಿದ್ದುದು ನಿಮಗೆ ನೆನಪಿರಬಹುದು.

ಅತ್ತಿಗೆಗೆ ನಾವು ದೋಣಿ ಹತ್ತುವುದು ಇಷ್ಟವಿರಲಿಲ್ಲ. 2024ರ ಡಿಸೆಂಬರ್ 18ರಂದು ಎಲಿಫೆಂಟಾಕ್ಕೆ ಹೊರಟಿದ್ದ ಪ್ರಯಾಣಿಕರ ದೋಣಿಗೆ ನೌಕಾದಳದ ವೇಗದೋಣಿ ಬಡಿದು ಹತ್ತಕ್ಕೂ ಹೆಚ್ಚು ಜನ ತೀರಿಕೊಂಡಿದ್ದರು. ಒಂದು ತಿಂಗಳು ಕಳೆದಿತ್ತಷ್ಟೆ. ದೋಣಿಯವರು ಎಲ್ಲರಿಗೂ ಜೀವರಕ್ಷಕ ಜಾಕೀಟು ತೊಡಿಸಿಯೇ ಹೊರಟರು. ಕಿತ್ತಳೆ ಬಣ್ಣದ ಜಾಕೀಟಿನೊಳಗೆ ಗೆಳೆಯ ಮೌನವಾಗಿ ಕುಳಿತಿದ್ದ. ಗಂಗೊಳ್ಳಿಯ ಅಳಿವೆಯಲ್ಲಿ ಈಜಿ ಬೆಳೆದವನು ನೀರಿಗೆ ಹೆದರಿದನೇ ಎಂದು ನನಗೆ ಸೋಜಿಗ. ಸುಮಾರು ಒಂದು ಗಂಟೆಯ ಪಯಣ. ಹಿಂದಿನಿಂದ ಕಡಲಹಕ್ಕಿಗಳು, ಬಲಕ್ಕೂ ಎಡಕ್ಕೂ ಲಂಗರು ಹಾಕಿದ ಹಡಗುಗಳು.

ದ್ವೀಪದ ನಿಜವಾದ ಹೆಸರು ಘಾರಾಪುರಿ. ಬಾದಾಮಿಯ ಚಾಲುಕ್ಯ ದೊರೆ ಇಮ್ಮಡಿ ಪುಲಕೇಶಿ ನೂರಾರು ಹಡಗುಗಳೊಡನೆ 'ಪುರಿ'ಯನ್ನು ಮುತ್ತಿದನೆಂದು ರವಿಕೀರ್ತಿ ರಚಿಸಿದ ಕ್ರಿ.ಶ. 634ರ ಐಹೊಳೆಯ ಶಾಸನ ಹೇಳುತ್ತದಷ್ಟೆ. ಆ ಪುರಿ ಈ ಘಾರಾಪುರಿಯೇ ಎಂಬುದು ಕೆಲವು ವಿದ್ವಾಂಸರ ಅಭಿಪ್ರಾಯ. ದಡದಿಂದ ಗುಹೆಗೆ ನೂರಿಪ್ಪತ್ತು ಮೆಟ್ಟಿಲು. ಎರಡೂ ಬದಿಗೆ ಮಣಿಸರ, ಟೊಪ್ಪಿಗೆಗಳ ಅಂಗಡಿಗಳು. ಮಂಡಿನೋವಿನವರನ್ನು ಹೊತ್ತೊಯ್ಯಲು ಡೋಲಿಗಳೂ ಇವೆ. ಡೋಲಿಯವನು ನಮ್ಮ ನರೆಗೂದಲು ನೋಡಿ ಬೆನ್ನುಬಿಡಲಿಲ್ಲ. ಗೆಳೆಯ ಮಾತ್ರ, "ನಡೆದೇ ಹತ್ತುತ್ತೇನೆ" ಎಂದು ಹಟ ಹಿಡಿದ. ನಾಲ್ಕು ಬಾರಿ ಕುಳಿತು ಎದ್ದು ಹತ್ತಿದೆವು.

ಗುಹೆಯ ಒಳಗೆ ಕಾಲಿಟ್ಟಾಗ ಮೊದಲು ಕಾಣುವುದು ಕತ್ತಲೆ. ಕಣ್ಣು ಹೊಂದಿಕೊಳ್ಳುತ್ತಿದ್ದಂತೆ ಸಾಲು ಸಾಲು ಕಂಬಗಳು, ಅವುಗಳ ಆಚೆ ಹಿಂಗೋಡೆಯಲ್ಲಿ ಆ ಮಹಾಮೂರ್ತಿ. ಜನ ತ್ರಿಮೂರ್ತಿ ಎನ್ನುವರಾದರೂ ಅದು ಸದಾಶಿವ. ಮೂರು ಮುಖಗಳೂ ಒಬ್ಬ ಶಿವನವೇ. ಎತ್ತರ ಸುಮಾರು 18 ಅಡಿ. ನಮ್ಮ ಎಡಕ್ಕೆ ಹುಬ್ಬು ಗಂಟಿಕ್ಕಿದ ಅಘೋರ. ಬಲಕ್ಕೆ ತಾವರೆ ಹಿಡಿದ, ಹೆಣ್ಣಿನ ಚೆಲುವುಳ್ಳ ವಾಮದೇವ. ನಡುವೆ ಕಣ್ಣುಮುಚ್ಚಿ ಶಾಂತನಾದ ತತ್ಪುರುಷ. ಮೂರ್ತಿಯ ಎರಡೂ ಪಕ್ಕದಲ್ಲಿ ಅರ್ಧನಾರೀಶ್ವರ, ಗಂಗಾಧರ. ಸುಮಾರು ಆರನೆಯ ಶತಮಾನದಲ್ಲಿ ಇಡಿಯ ಬೆಟ್ಟವನ್ನೇ ಒಳಗಿನಿಂದ ಕೊರೆದು ಇದನ್ನು ಮಾಡಿದವರ ಹೆಸರು ಎಲ್ಲಿಯೂ ಕೆತ್ತಿಲ್ಲ. ಎಷ್ಟೋ ಶಿಲ್ಪಗಳ ಕೈಕಾಲುಗಳು ಒಡೆದುಹೋಗಿವೆ. ಆದರೂ ಆ ನಡುಮುಖದೆದುರು ಮಾತನಾಡುವ ಧೈರ್ಯ ಯಾರಿಗೂ ಬಾರದು. ಶಾಲಾ ಪ್ರವಾಸದ ಮಕ್ಕಳ ಗುಂಪೊಂದು ಗಲಾಟೆ ಮಾಡುತ್ತ ಬಂದು, ಅಲ್ಲಿ ತಾನಾಗಿಯೇ ಸುಮ್ಮನಾಯಿತು. ಹಾಗೆ ಸುಮ್ಮನಾಗಿಸುವ ವಿದ್ಯೆ ನನಗೆ ಮೂವತ್ತಾರು ವರ್ಷಗಳಲ್ಲಿ ಒಲಿಯಲಿಲ್ಲ!

ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತಾಗ ಸಹಜವಾಗಿಯೇ ಕೇಳಿದೆ: "ನೀನು ಏರಿ ಕುಳಿತ ಆನೆ ಎಲ್ಲಿದೆ? ಅದನ್ನೂ ನೋಡಿಬಿಡೋಣ." ಗೆಳೆಯ ಉತ್ತರಿಸಲಿಲ್ಲ. ನಾನು ಅಲ್ಲಿಯೇ ಇದ್ದ ಮಾರ್ಗದರ್ಶಿಯನ್ನು ವಿಚಾರಿಸಿದೆ. ಆತನೆಂದ: "ಆನೆ ಇಲ್ಲಿಲ್ಲ ಸಾಹೇಬರೇ, ಭಾಯ್ಖಳಾದಲ್ಲಿದೆ. ಬ್ರಿಟಿಷರ ಕಾಲದಲ್ಲೇ ಇಲ್ಲಿಂದ ಒಯ್ದರು." ಸಂಗತಿ ಹೀಗೆ. ದಡದ ಬಳಿಯಿದ್ದ ಆ ಕಲ್ಲಿನ ಆನೆಯನ್ನು ಕಂಡೇ ಪೋರ್ಚುಗೀಸರು ದ್ವೀಪವನ್ನು ಎಲಿಫೆಂಟಾ ಎಂದು ಕರೆದದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಅದನ್ನು ಇಂಗ್ಲೆಂಡಿಗೆ ಸಾಗಿಸಲು ಹೋಗಿ, ಎತ್ತುವಾಗ ಬಿದ್ದು ಚೂರಾಯಿತು. ಚೂರುಗಳನ್ನು ಮುಂದೆ ಜೋಡಿಸಿ ಭಾಯ್ಖಳಾದಲ್ಲಿ ನಿಲ್ಲಿಸಿದರು. ನನ್ನ ಗೆಳೆಯ ಕಾಗದ ಬರೆದ 1963ರಲ್ಲಿ ದ್ವೀಪದಲ್ಲಿ ಆ ಆನೆಯೇ ಇರಲಿಲ್ಲ.

ಗೆಳೆಯ ಬಹಳ ಹೊತ್ತು ಕಡಲನ್ನು ನೋಡಿದ. ಬಳಿಕ ಮೆಲ್ಲನೆ, "ನಾನು ಇಲ್ಲಿಗೆ ಬಂದದ್ದು ಇವತ್ತೇ ಮೊದಲು ಮಾರಾಯ" ಎಂದ. ತಿಂಗಳಿಗೊಂದು ಅರ್ಧ ದಿನದ ರಜೆಯಂತೆ. ಅದು ಬಟ್ಟೆ ಒಗೆಯುವುದಕ್ಕೂ ನಿದ್ದೆಗೂ ಸಾಲುತ್ತಿರಲಿಲ್ಲ. ಹೋಟೆಲಿನ ಹಿರಿಯ ಅಡುಗೆಯವರು ಹೇಳಿದ್ದು, ಕ್ಯಾಲೆಂಡರಿನಲ್ಲಿ ಕಂಡದ್ದು, ಗಿರಾಕಿಗಳು ಮಾತನಾಡಿಕೊಂಡದ್ದು ಎಲ್ಲವನ್ನೂ ಸೇರಿಸಿ ಕಾಗದ ಬರೆಯುತ್ತಿದ್ದ. "ಸೋಡಾಪುಡಿಯ ನೀರಿಗೆ ಕೈಬೆರಳಿನ ಸಂದು ಹುಣ್ಣಾಗಿತ್ತು. ಅದನ್ನು ಬರೆಯಲಿಕ್ಕುಂಟಾ? ಅಮ್ಮ ಮರುದಿನವೇ ಬಸ್ಸು ಹತ್ತಿಯಾಳು. ಮಗ ತಿರುಗಾಡಿಕೊಂಡಿದ್ದಾನೆ ಎಂದು ತಿಳಿದರೆ ನಿದ್ದೆ ಮಾಡಿಯಾಳು ಎಂದು ಬರೆದೆ. ಆನೆ ಎಷ್ಟು ದೊಡ್ಡದೆಂದು ನೀನು ಕೇಳಿ ಬರೆದೆಯಲ್ಲ, ಆಗ ನನಗೆ ಕಷ್ಟಕ್ಕೆ ಬಂತು. ನೆನಪಿಗೆ ಬಂದ ದೊಡ್ಡ ವಸ್ತುವೆಂದರೆ ಕೊಡಿಹಬ್ಬದ ತೇರು ಒಂದೇ." ಇಷ್ಟು ಹೇಳಿ ನಕ್ಕ. ನಾನೂ ನಕ್ಕೆ. ಆ ತಾಯಿ 1988ರಲ್ಲಿ ತೀರಿಕೊಂಡರು. ಕೊನೆಯವರೆಗೂ ಅವರ ಮನಸ್ಸಿನಲ್ಲಿ ಮಗ ತೇರಿನೆತ್ತರದ ಆನೆಯ ಮೇಲೆ ಕುಳಿತೇ ಇದ್ದ.

ಮುಂದೆ ಕೈಯಲ್ಲಿ ಸಂಬಳ ಬಂದ ಮೇಲಾದರೂ ಯಾಕೆ ಬರಲಿಲ್ಲವೆಂದು ಕೇಳಲಿಲ್ಲ. ಮೇಲೆ ನೋಡಿದರೆ ಲೋಕಲ್ ತಪ್ಪುತ್ತದೆ ಎಂಬ ಉತ್ತರ ಆಗಲೇ ಸಿಕ್ಕಿತ್ತಲ್ಲ.

ಎರಡು ದಿನ ಬಿಟ್ಟು ಆನೆಯನ್ನು ಹುಡುಕಿಕೊಂಡು ಭಾಯ್ಖಳಾಕ್ಕೆ ಹೋದೆವು. ರಾಣಿಬಾಗಿಗೆ ಈಗ ವೀರಮಾತಾ ಜಿಜಾಬಾಯಿಯ ಹೆಸರು. ಮಕ್ಕಳ ದಂಡೆಲ್ಲ ಪೆಂಗ್ವಿನ್ ನೋಡಲು ಸಾಲುಗಟ್ಟಿತ್ತು. ಪಕ್ಕದಲ್ಲಿಯೇ ಡಾ. ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯ, 1872ರಲ್ಲಿ ತೆರೆದದ್ದು. ಅದರ ಹೊರಾವರಣದಲ್ಲಿ ಕಪ್ಪು ಕಲ್ಲಿನ ಆನೆ ಒಂಟಿಯಾಗಿ ನಿಂತಿದೆ. ಮಳೆ ಬಿಸಿಲುಗಳಿಗೆ ಮೈ ಸವೆದು, ಜೋಡಿಸಿದ ಗುರುತುಗಳು ಕಾಣುತ್ತವೆ. ತೇರಿನ ಒಂದು ಚಕ್ರದೊಡನೆ ಹೋಲಿಸಬಹುದೇ ಹೊರತು ತೇರಿನೊಡನೆ ಅಲ್ಲ. ಗೆಳೆಯ ಅದರ ಸುತ್ತ ಎರಡು ಬಾರಿ ಬಂದು, "ಪಾಪ, ಇದೂ ಊರು ಬಿಟ್ಟು ಬಂದದ್ದೇ. ಒಡೆದರೂ ನಿಂತಿದೆ ನೋಡು" ಎಂದ. ಅಲ್ಲಿ ಅವನದೊಂದು ಚಿತ್ರ ತೆಗೆದೆ. ಯಾರಿಗೆ ಕಳುಹಿಸುವುದು ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಭಾನುವಾರ ಡೊಂಬಿವಿಲಿಗೆ ಹೋಗಿ ಎರಡನೆಯ ಗೆಳೆಯನನ್ನು ಕಂಡೆವು. 1982ರ ಜನವರಿ 18ರಂದು ದತ್ತಾ ಸಾಮಂತರ ನಾಯಕತ್ವದಲ್ಲಿ ಆರಂಭವಾದ ಗಿರಣಿ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರಿದ್ದರು. ಅವರಲ್ಲಿ ಇವನೂ ಒಬ್ಬ. ಮುಷ್ಕರ ಮುರಿಯಿತು, ಗಿರಣಿ ಮತ್ತೆ ಇವನನ್ನು ಕರೆಯಲಿಲ್ಲ. ಕಚೇರಿಯೊಂದರ ಕ್ಯಾಂಟೀನು ವಹಿಸಿಕೊಂಡು ಬದುಕಿದ. ಗಿರಣಿಗಳ ಜಾಗದಲ್ಲೀಗ ಗಾಜಿನ ಮಾಲುಗಳು, ಗೋಪುರದಂಥ ಮನೆಗಳು ಎದ್ದಿವೆ. ಅಲ್ಲಲ್ಲಿ ಒಂಟಿ ಹೊಗೆಕೊಳವೆಗಳು ಉಳಿದಿವೆ. ಇವನ ಕಿವಿ ಯಂತ್ರಗಳ ಸದ್ದಿಗೆ ಅಂದೇ ಮಂದವಾಗಿತ್ತು. ನಾವು ಮೂವರೂ ಏರುದನಿಯಲ್ಲಿ ಏಳನೆಯ ತರಗತಿಯ ಹಾಜರಿ ಕರೆದುಕೊಂಡೆವು. ಹೆಚ್ಚಿನ ಹೆಸರುಗಳಿಗೆ 'ಹೋದ' ಎಂಬುದೇ ಉತ್ತರವಾಯಿತು. ಈ ಬಾರಿ ಹೋದದ್ದು ಬೊಂಬಾಯಿಗಲ್ಲ.

ಹೊರಡುವ ಹಿಂದಿನ ಸಂಜೆ ಮರೀನ್ ಡ್ರೈವಿನ ಕಟ್ಟೆಯ ಮೇಲೆ ಕುಳಿತು, ತಮ್ಮ ಹೇಳಿಕಳುಹಿಸಿದ ಮಾತನ್ನು ತೆಗೆದೆ. ಕಡಲನ್ನು ತುಂಬಿ ಮಾಡಿದ ನೆಲವದು. ಮುಂಬಯಿಯೇ ಏಳು ದ್ವೀಪಗಳ ನಡುವಿನ ನೀರನ್ನು ತುಂಬಿ ಮಾಡಿದ ಊರು. 1668ರಲ್ಲಿ ಇಂಗ್ಲೆಂಡಿನ ದೊರೆ ವರ್ಷಕ್ಕೆ ಹತ್ತು ಪೌಂಡಿನ ಗೇಣಿಗೆ ಅದನ್ನು ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟನಂತೆ ಎಂದಾಗ ಗೆಳೆಯ, "ನಮ್ಮ ಗದ್ದೆಯ ಗೇಣಿ ಅದಕ್ಕಿಂತ ಜಾಸ್ತಿಯಿತ್ತು ಬಿಡು" ಎಂದು ನಗಿಸಿದ. ಆಮೇಲೆ ನಾನು ಊರಿನ ಕೋಣೆ, ಬಾವಿ, ತಮ್ಮನ ಕಾಳಜಿ ಎಲ್ಲವನ್ನೂ ಹೇಳಿದೆ. ಇಲ್ಲಿ ಕಾಯಿಲೆ ಬಿದ್ದರೆ ಯಾರಿದ್ದಾರೆ ಎಂದೂ ಕೇಳಿದೆ. ಸುಮ್ಮನೆ ಕೇಳಿಸಿಕೊಂಡ. ದೀಪಗಳು ಒಂದೊಂದಾಗಿ ಹತ್ತಿಕೊಂಡು, ಕಡಲಿನ ಬಾಗಿದ ದಂಡೆಯ ಉದ್ದಕ್ಕೂ ಸರವಾದವು.

"ತಮ್ಮ ಒಳ್ಳೆಯವನೇ. ಆದರೆ ಊರಿಗೆ ಬಂದರೆ ನಾನು 'ಬೊಂಬಾಯಿಯ ನೆಂಟ'. ನಾಲ್ಕು ದಿನ ಪಾಯಸ, ಐದನೆಯ ದಿನ, ಯಾವಾಗ ಹೊರಡುವುದು ಎಂಬ ಪ್ರಶ್ನೆ. ಯಾರೂ ಕೆಟ್ಟ ಮನಸ್ಸಿನಿಂದ ಕೇಳುವುದಲ್ಲ. ಅರುವತ್ತು ವರ್ಷ ಕೇಳಿ ಅವರಿಗೂ ರೂಢಿಯಾಗಿದೆ, ಹೊರಟು ನನಗೂ ರೂಢಿಯಾಗಿದೆ" ಎಂದ. ಸ್ವಲ್ಪ ಹೊತ್ತಾದ ಮೇಲೆ, "ನಾಳೆ ನಿನ್ನ ರೈಲು ಮಧ್ಯಾಹ್ನ ತಾನೆ? ಇವತ್ತು ರಾತ್ರಿ ಒಂದು ಕಡೆ ಬಾ. ಅದು ನೋಡುವ ಸ್ಥಳವಲ್ಲ, ಆದರೂ ಬಾ" ಎಂದ.

ರಾತ್ರಿ ಹತ್ತರ ಮೇಲೆ ಮಾಟುಂಗದ ಹೋಟೆಲೊಂದರ ಹಿಂಬಾಗಿಲಿಗೆ ಕರೆದೊಯ್ದ. ಕುರ್ಚಿಗಳನ್ನು ಮೇಜಿನ ಮೇಲೆ ಮಗುಚಿ ನೆಲ ತೊಳೆದಾಗಿತ್ತು. ಎಂಟೊಂಬತ್ತು ಹುಡುಗರು ಕಾಯುತ್ತಿದ್ದರು. ಒಬ್ಬರೂ ನಮ್ಮ ಕಡೆಯವರಲ್ಲ. ನಮ್ಮೂರಿನ ಹುಡುಗರು ಈಗ ಹೋಟೆಲಿಗೆ ಹೋಗುವುದು ಕಡಿಮೆ. ಅವರ ಜಾಗದಲ್ಲಿ ಬಿಹಾರ, ಉತ್ತರ ಪ್ರದೇಶ, ಒಡಿಶಾಗಳಿಂದ ಬಂದವರಿದ್ದಾರೆ. ಗೆಳೆಯ ಓದಿದ ಕನ್ನಡ ರಾತ್ರಿಶಾಲೆ ಮುಚ್ಚಿ ಬಹಳ ಕಾಲವಾಯಿತು. ವಾರಕ್ಕೆ ಮೂರು ರಾತ್ರಿ ಒಂದೊಂದು ಗಂಟೆ ಈತ ಇವರಿಗೆ ಲೆಕ್ಕ, ಇಂಗ್ಲಿಷ್ ಅಕ್ಷರ ಹೇಳಿಕೊಡುತ್ತಾನೆ. ಬ್ಯಾಂಕಿನ ಖಾತೆ ತೆರೆಯುವುದು, ಊರಿಗೆ ಹಣ ಕಳುಹಿಸುವುದು, ಮೋಸದ ಫೋನಿಗೆ ಓ.ಟಿ.ಪಿ. ಕೊಡಬಾರದೆಂಬುದು ಎಲ್ಲವೂ ಪಾಠವೇ. ಹತ್ತೊಂಬತ್ತರ ಹುಡುಗನೊಬ್ಬ ನೆನೆದು ಸುಕ್ಕಾದ ಬೆರಳುಗಳಲ್ಲಿ ಪೆನ್ಸಿಲು ಹಿಡಿದು ಶೇಕಡಾ ಲೆಕ್ಕ ಮಾಡುತ್ತಿದ್ದ. ಗೆಳೆಯ ಪಕ್ಕದಲ್ಲಿ ಕುಳಿತು ಅವನ ಕೈಯನ್ನೇ ನೋಡುತ್ತಿದ್ದ, ಲೆಕ್ಕವನ್ನಲ್ಲ. ಕೊನೆಯಲ್ಲಿ ಒಬ್ಬ ಹುಡುಗ ಊರಿನ ತಾಯಿಗೆ ವೀಡಿಯೊ ಕರೆ ಮಾಡಿ, ಫೋನನ್ನು ಗೆಳೆಯನ ಕಡೆ ತಿರುಗಿಸಿ, "ಮಾಸ್ಟರ್‌ಜೀ" ಎಂದು ತೋರಿಸಿದ.

ಆ ಮಾತು ಕೇಳಿದ ಮೇಲೆ ತಮ್ಮನ ಪರವಾಗಿ ಹೇಳಲು ನನ್ನಲ್ಲಿ ಏನೂ ಉಳಿಯಲಿಲ್ಲ. ಊರಿನಲ್ಲಿ ನನ್ನನ್ನು 'ಮಾಷ್ಟ್ರೆ' ಎಂದು ಕರೆಯುವವರು ಇರುವುದರಿಂದಲೇ ನಾನು ಊರಿನಲ್ಲಿದ್ದೇನೆ. ಇವನನ್ನು ಹಾಗೆ ಕರೆಯುವವರು ಇರುವುದು ಮಾಟುಂಗದಲ್ಲಿ. ಮನುಷ್ಯನಿಗೆ ಹುಟ್ಟಿದ ಊರು ಒಂದಾದರೆ ಬೇಕಾದ ಊರು ಇನ್ನೊಂದಿರಬಹುದು. ಆ ಬೇಕಾಗುವಿಕೆಯನ್ನು ಕಿತ್ತು ತಂದು, ಬದಲಿಗೆ ಒಂದು ಕೋಣೆಯನ್ನೂ ಬಾ
ವಿಯನ್ನೂ ಕೊಟ್ಟರೆ ಅದು ಕೊಟ್ಟಂತಾಗದು.

ಊರಿಗೆ ಮರಳಿ ತಮ್ಮನಿಗೆ ಕಂಡದ್ದನ್ನೆಲ್ಲ ಹೇಳಿದೆ. ಹಿಂಬಾಗಿಲಿನ ಪಾಠದ ಸಂಗತಿ ಅವರಿಗೆ ತಿಳಿದಿರಲಿಲ್ಲ. ಕಣ್ಣೊರೆಸಿಕೊಂಡು, "ಕೋಣೆಗೆ ಸುಣ್ಣ ಬಳಿಸಿ ಇಟ್ಟಿರುತ್ತೇನೆ ಮಾಷ್ಟ್ರೆ. ಬಂದಾಗ ಬರಲಿ" ಎಂದರು. ಯಾವಾಗ ಹೊರಡುವುದೆಂದು ಅಣ್ಣನನ್ನು ಇನ್ನು ಕೇಳಬಾರದೆಂದು ನಾನು ಹೇಳಿದ್ದು ಅಷ್ಟೇ. 2025ರ ಜೂನಿನಲ್ಲಿ ಗೆಳೆಯ ದಂಪತಿಗಳು ಮಾಟುಂಗದ ಹತ್ತಿರವೇ ಬಾಡಿಗೆ ಮನೆಗೆ ಹೋದರು. ಹೋಟೆಲಿನ ಹುಡುಗರೇ ಬಂದು ಸಾಮಾನು ಹೊತ್ತರಂತೆ.

ನಗರಗಳಲ್ಲಿರುವ ನನ್ನ ವಿದ್ಯಾರ್ಥಿಗಳಿಗೆ ಒಂದು ಮಾತು. ನಿಮ್ಮ ಊರಿನ ಸ್ಟೇಶನ್ನನ್ನು, ಬಾಗಿಲನ್ನು, ಗುಹೆಯನ್ನು ನೋಡಲು ಎಪ್ಪತ್ತೈದು ತುಂಬುವವರೆಗೆ ಕಾಯಬೇಡಿ. ಒಂದು ಲೋಕಲ್ ತಪ್ಪಿದರೆ ಇನ್ನೊಂದು ಬರುತ್ತದೆ. ಗೆಳೆಯ ಈಗ ಈ ಪಾಠ ಕಲಿತಿದ್ದಾನೆ. 2025ರ ಅಕ್ಟೋಬರಿನಲ್ಲಿ ಮುಂಬಯಿಯ ನೆಲದಡಿಯ ಮೆಟ್ರೊ ಮಾರ್ಗ ಕಫ್ ಪರೇಡಿನವರೆಗೆ ಪೂರ್ಣವಾಗಿ ತೆರೆದುಕೊಂಡ ಮೇಲೆ ಅವನಿಂದ ಮೊಬೈಲಿನಲ್ಲಿ ಉದ್ದನೆಯ ಕಾಗದವೊಂದು ಬಂತು. ದಾದರಿನಲ್ಲಿ ಇಳಿದ ಚಲಿಸುವ ಮೆಟ್ಟಿಲು, ತಂಪಾದ ಡಬ್ಬಿ, ವಿ.ಟಿ.ಯಲ್ಲಿ ಮೇಲೆ ಬಂದು ಮತ್ತೊಮ್ಮೆ ಆ ದೀವಟಿಗೆಯ ಹೆಂಗಸನ್ನು ನೋಡಿದ್ದು ಎಲ್ಲವನ್ನೂ ವಿವರವಾಗಿ ಬರೆದಿದ್ದ. ಕೊನೆಯ ಸಾಲು ಹೀಗಿತ್ತು: "ಈ ಸಲ ಹೋಗಿ ನೋಡಿಯೇ ಬರೆದದ್ದು ಮಾರಾಯ, ಬೇಕಾದರೆ ಟಿಕೇಟು ಕಳುಹಿಸುತ್ತೇನೆ."